ಗಿರಣಿ ಮುದ್ದಪ್ಪ ಉಪಕಾರ ಹೇಳಿದ್ದು

ಅಜ್ಜಂಪುರದ ಸಂತೆಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮುದ್ದಪ್ಪನಿಗೆ ಹೊಸದನ್ನು ಮಾಡಿ ನೋಡುವ ಹುಚ್ಚು ಹಿಡಿದದ್ದು ರೇಡಿಯೋದ ಕೃಷಿ ಕಾರ್ಯಕ್ರಮದಿಂದ. ಯಾರೋ ಅಧಿಕಾರಿಗಳು ಮಾತಾಡುತ್ತ, "ಒಂದೇ ನೆಲಕ್ಕೆ ವರ್ಷ ವರ್ಷವೂ ಅದೇ ಬೆಳೆ ಹಾಕಿದರೆ ನೆಲ ಸೋತುಹೋಗುತ್ತದೆ. ಹೊಸದನ್ನು ಹಾಕಿ ನೋಡಿ, ಆಮೇಲೆ ನನಗೆ ಹೇಳಿ" ಎಂದರು. ಮುದ್ದಪ್ಪನಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಆದರೂ ಆ ಅಧಿಕಾರಿಗಳು ಇಷ್ಟು ದೂರದಿಂದ ತನ್ನೊಬ್ಬನನ್ನೇ ಉದ್ದೇಶಿಸಿ ಮಾತಾಡಿದ ಹಾಗೆ ಅವನಿಗೆ ಕೇಳಿಸಿತು.

"ಲೇ ಹಾಲಿ, ನಾನು ಸೋತೋಗಿದೀನಿ ಕಣೇ" ಎಂದ ಹೆಂಡತಿಗೆ.

ಹಾಲಮ್ಮ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಯಾರ ಕೈಲಿ?"

"ಯಾರ ಕೈಲೂ ಅಲ್ಲ. ನೆಲ ಸೋತಂಗೆ. ದಿನಾ ಅದೇ ಬೀದಿ, ಅದೇ ಮಿಲ್ಲು, ಅದೇ ಇಡ್ಲಿ."

"ಹಂಗಾದ್ರೆ ಒಂದು ಗಾಡಿ ಗೊಬ್ಬರ ಹಾಕಿಸ್ಕಳಿ" ಎಂದು ಹಾಲಮ್ಮ ಮೊರ ಕೇರಿದಳು.

ಮಗಳನ್ನು ಸಖರಾಯಪಟ್ಟಣಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇದ್ದವರು ಇವರಿಬ್ಬರೇ. ಆದ್ದರಿಂದ ಮುದ್ದಪ್ಪನ ಹುಚ್ಚನ್ನು ತಡೆಯುವವರೂ ಬೇರೆ ಯಾರೂ ಇರಲಿಲ್ಲ.

ಮಾರನೆಯ ದಿನ ಅವನು ಸಂತೆಬೀದಿ ಬಿಟ್ಟು ರೈಲ್ವೆ ಸ್ಟೇಷನ್ನಿನ ಹಿಂದಿನ ದಾರಿಯಲ್ಲಿ ಗಿರಣಿಗೆ ಹೊರಟ. ಅಲ್ಲಿ ಒಂದು ಕಂದುನಾಯಿ ಅವನನ್ನು ಅಟ್ಟಿಸಿಕೊಂಡು ಬಂತು. ಒಂದು ಚಪ್ಪಲಿ ಕಳೆದುಹೋಯಿತು. ಸ್ಟೇಷನ್ ಮಾಸ್ತರ ಹೆಂಡತಿ ಕೋಲಿನ ತುದಿಯಲ್ಲಿ ಆ ಚಪ್ಪಲಿಯನ್ನು ಎತ್ತಿಕೊಂಡು ಬಂದು ಕೊಟ್ಟು, ಒಂದು ಲೋಟ ನೀರನ್ನೂ ಕೊಟ್ಟರು. ಇಷ್ಟೆಲ್ಲ ಬೆಳಗಿನ ತಿಂಡಿಗೆ ಮುಂಚೆಯೇ ಆಗಿಹೋದದ್ದು ನೋಡಿ ಮುದ್ದಪ್ಪನಿಗೆ ಪರಮಾನಂದವಾಯಿತು. ಸಂತೆಬೀದಿಯಲ್ಲಿ ಅವನನ್ನು ಒಂದು ನಾಯಿಯೂ ಎಂದೂ ತಿರುಗಿ ನೋಡಿದ್ದಿಲ್ಲ.

ಇನ್ನೊಂದು ದಿನ ಹೊನ್ನಯ್ಯನ ಹೋಟೆಲಿನಲ್ಲಿ ಇಡ್ಲಿ ಬದಲು ಬೋಂಡ ಕೇಳಿದ. ಹೊನ್ನಯ್ಯ ಗಾಬರಿಯಾಗಿ ಇಡ್ಲಿಯನ್ನು ತಾನೇ ಮೂಸಿ ನೋಡಿದ. ಭಾನುವಾರ ಊರಾಚೆಯ ಅಮೃತಮಹಲ್ ಫಾರಂವರೆಗೆ ನಡೆದುಹೋಗಿ ಬೇಲಿಯ ಹೊರಗೆ ನಿಂತು ಹೋರಿಗಳನ್ನು ನೋಡಿದ. ಹುಟ್ಟಿದಾಗಿನಿಂದ ಅವುಗಳ ಹೆಸರು ಕೇಳಿದ್ದವನು ಕಣ್ಣಾರೆ ಕಂಡದ್ದು ಅಂದೇ. ಒಂದು ಹೋರಿ ಮೇಯುವುದನ್ನು ಬಿಟ್ಟು ಅವನನ್ನೇ ದಿಟ್ಟಿಸಿತು. ಅವನೂ ಅದನ್ನು ದಿಟ್ಟಿಸಿದ. ಆಮೇಲೆ ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ದೊಡ್ಡ ಮನುಷ್ಯರೊಬ್ಬರ ಭೇಟಿ ಮುಗಿಸಿ ಬಂದವನ ಹಾಗೆ ಅವನು ಅದನ್ನು ಒಂದು ವಾರ ವರ್ಣಿಸಿದ.

ಇಲ್ಲಿಯವರೆಗೆ ಊರಿಗೆ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಬಂದದ್ದು ಹೈಸ್ಕೂಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಟೀಚರಮ್ಮನಿಂದ. ಪಾಪ, ಅವರ ತಪ್ಪೇನೂ ಇಲ್ಲ. ಬುಧವಾರ ಗೋಧಿ ಬೀಸಿಸಿಕೊಂಡರು. ಬೆಲ್ಟು ಸರಿಮಾಡಲು ಮುದ್ದಪ್ಪ ಮಿಷನ್ನು ನಿಲ್ಲಿಸಿದ್ದ ಹೊತ್ತು. ಚೀಲ ಎತ್ತಿಕೊಳ್ಳುತ್ತ ಅವರು, "ತುಂಬಾ ಉಪಕಾರ ಆಯ್ತು ಮುದ್ದಪ್ಪನವರೇ" ಎಂದು ನಕ್ಕು ಹೋದರು.

ಈ ಮುದ್ದಪ್ಪನವರು ಯಾರು ಎಂದು ಮುದ್ದಪ್ಪ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಆಗ ಅವನಿಗೆ ಹೊಳೆಯಿತು. ಇಷ್ಟು ವರ್ಷ ಅವನು ಬೀಸಿದ ಹಿಟ್ಟನ್ನು ಊರೆಲ್ಲ ತಿಂದಿತ್ತು. ನುಣ್ಣಗಾಗಲಿಲ್ಲ ಅಂದವರಿದ್ದರು, ಬಿಸಿಯಾಯಿತು ಅಂದವರಿದ್ದರು, ಪಕ್ಕದವಳ ಜೋಳ ಬೆರೆಯಿತು ಎಂದು ಕೂಗಾಡಿದವರಂತೂ ಬೇಕಾದಷ್ಟು. ಉಪಕಾರ ಆಯಿತು ಅಂದವರು ಇವರೊಬ್ಬರೇ. ಆ ದಿನವೆಲ್ಲ ಅವನ ಎದೆಯೊಳಗೆ ಬೆಲ್ಲದ ಪಾಕ ಸುರಿದ ಹಾಗಿತ್ತು. ಬಿದ್ದುಹೋಗಿದ್ದ ಬೆಲ್ಟನ್ನು ಹಾಡು ಗುನುಗುತ್ತ ಏರಿಸಿದ. ಒಂದು ಮಾತಿಗೆ ಇಷ್ಟು ಶಕ್ತಿ ಇರುವುದಾದರೆ ತಾನೂ ಆಡಿ ನೋಡಬೇಕು, ಇದೇ ಈ ಸಲದ ಹೊಸ ಬೆಳೆ ಎಂದು ತೀರ್ಮಾನಿಸಿದ.

ಸಂಜೆ ಊಟ ಮುಗಿಸಿ ಕೈ ತೊಳೆದವನು ಎದ್ದು ಹೋಗದೆ ತಟ್ಟೆಯ ಮುಂದೆಯೇ ನೆಟ್ಟಗೆ ಕೂತ. ಗಂಟಲು ಸರಿಮಾಡಿಕೊಂಡ.

"ಹಾಲಿ, ಇಷ್ಟು ವರ್ಷ ನಂಗೆ ಬೇಯಿಸಿ ಹಾಕಿದೀಯ. ಬಹಳ ಉಪಕಾರ ಆಯ್ತು ಕಣೇ."

ಹಾಲಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಸಾರಿಗೆ ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ."

"ಹಂಗಾದ್ರೆ ಹಾಕೇ ಇಲ್ವಾ?" ಅವಳು ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಉಪ್ಪು ಸರಿಯಾಗಿತ್ತು. ಅವಳ ಮುಖ ಸಣ್ಣಗಾಯಿತು. "ರೀ, ಎದೆ ಗಿದೆ ನೋಯ್ತೈತಾ?"

"ಏನೂ ಇಲ್ಲ ಕಣೇ. ಸುಮ್ನೆ ಅಂದೆ. ಮನಸ್ಸಿಗೆ ಬಂತು" ಎಂದು ಮುದ್ದಪ್ಪ ತೃಪ್ತಿಯಿಂದ ಜಗಲಿಗೆ ಹೋಗಿ ಬೀಡಿ ಹಚ್ಚಿದ. ಹಾಲಮ್ಮ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಲಿಂಗಮ್ಮನ ಹತ್ತಿರ ಓಡಿದಳು.

ಲಿಂಗಮ್ಮನೆಂದರೆ ಆ ಕೇರಿಗೆ ಕೋರ್ಟು, ಆಸ್ಪತ್ರೆ ಎಲ್ಲವೂ. ಎಲ್ಲವನ್ನೂ ಕೇಳಿ ಅವಳು ಕಣ್ಣು ಕಿರಿದು ಮಾಡಿದಳು. "ಕೊನೆಗೆ 'ಆಯ್ತು' ಅಂದ್ರಾ?"

"ಅಂದ್ರು ಕಣಕ್ಕ. ಬಹಳ ಉಪಕಾರ ಆಯ್ತು ಅಂದ್ರು."

"ಆಯ್ತು ಅಂದ್ರೆ ಏನೇ ಹಾಲಮ್ಮ? ಮುಗೀತು ಅಂತ ಅಲ್ವಾ? ಇನ್ನೂ ಉಣ್ಣೋ ಯೋಚನೆ ಇದ್ದೋನು ಆಯ್ತು ಅಂತಾನಾ?"

ಹಾಲಮ್ಮನಿಗೆ ಈ ವ್ಯಾಕರಣ ಸಿಡಿಲಿನಂತೆ ಬಡಿಯಿತು. "ನಮ್ಮಪ್ಪ ಕಾಶಿಗೆ ಹೊರಡೋ ದಿನ ನಮ್ಮವ್ವಂಗೆ ಇಂಥದ್ದೇ ಏನೋ ಅಂದಿದ್ದ ಕಣಕ್ಕ" ಎಂದು ಸೆರಗು ಕಚ್ಚಿಕೊಂಡಳು.

"ಅದೇ ನಾನೂ ಹೇಳಿದ್ದು. ಗಂಡಸು ಹೆಂಡ್ತಿಗೆ ಉಪಕಾರ ಹೇಳ್ತಾನೆ ಅಂದ್ರೆ ಮೂರೇ ಕಾರಣ. ಒಂದು, ಡಾಕ್ಟ್ರು ಕೈಬಿಟ್ಟಿರಬೇಕು. ಇಲ್ಲಾ ಸನ್ಯಾಸಿ ಆಗೋನಿರಬೇಕು. ಮೂರನೇದು ನಾನು ಬಾಯಿ ಬಿಟ್ಟು ಹೇಳಲ್ಲ" ಎಂದು ಲಿಂಗಮ್ಮ ಮೂರನೆಯದನ್ನು ಬಹಳ ವಿವರವಾಗಿ ಹೇಳಿದಳು.

ಬೆಳಿಗ್ಗೆ ಹಾಲಮ್ಮ ಬಸ್‌ಸ್ಟಾಂಡಿಗೆ ಹೋಗಿ ತರೀಕೆರೆ ಬಸ್ಸಿನ ಕಂಡಕ್ಟರನ ಮೂಲಕ ತಮ್ಮನಿಗೆ ಹೇಳಿ ಕಳಿಸಿದಳು. "ನಿಮ್ಮ ಭಾವನ ಮಾತು ಒಂಥರಾ ಆಗೈತೆ, ಬೇಗ ಬರ್ಬೇಕಂತೆ ಅನ್ನಪ್ಪ" ಎಂದಳು. ಕಂಡಕ್ಟರನು ಅದನ್ನು ಒಬ್ಬ ಹೂವಿನವಳಿಗೆ ಹೇಳಿದ. ಹೂವಿನವಳು ಸೈಕಲ್ ಅಂಗಡಿಯವನಿಗೆ ಹೇಳಿದಳು. ತರೀಕೆರೆಯ ಸಣ್ಣಬೀರಪ್ಪನಿಗೆ ತಲುಪುವ ಹೊತ್ತಿಗೆ ಅವನ ಭಾವನ ಮಾತು ಪೂರಾ ನಿಂತುಹೋಗಿತ್ತು.

ಅತ್ತ ಮುದ್ದಪ್ಪ ಹೊನ್ನಯ್ಯನ ಹೋಟೆಲಿನಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟ. "ಹೊನ್ನಯ್ಯ, ನಿನ್ನ ಕಾಫಿ ಕುಡ್ಕಂಡೇ ಇಷ್ಟು ವರ್ಷ ಬೆಳಗ್ಗೆ ಆಗಿದ್ದು ಕಣಯ್ಯ. ದೊಡ್ಡ ಉಪಕಾರ ಆಯ್ತು" ಎಂದು ಹೆಗಲು ತಟ್ಟಿ ಹೊರಟ. ಹೊನ್ನಯ್ಯ ಎತ್ತರದಿಂದ ಸುರಿಯುತ್ತಿದ್ದ ಕಾಫಿ ಲೋಟದೊಳಕ್ಕೆ ಬೀಳದೆ ಅಮಲ್ದಾರ್ ಕಚೇರಿ ಗುಮಾಸ್ತ ರಾಮಯ್ಯನ ಪಂಚೆಯ ಮೇಲೆ ಬಿತ್ತು.

"ಊರು ಬಿಡ್ತಾವ್ನೆ ಕಣ್ರೀ ರಾಮಯ್ಯನೋರೇ" ಎಂದ ಹೊನ್ನಯ್ಯ. "ಮೊನ್ನೆ ಇಡ್ಲಿ ಬಿಟ್ಟ, ಇವತ್ತು ಊರನ್ನೇ ಬಿಡ್ತಾವ್ನೆ."

ರಾಮಯ್ಯ ಪಂಚೆ ಒರೆಸಿಕೊಳ್ಳುತ್ತ, ತಾನು ಸರ್ಕಾರಿ ನೌಕರನಾದ್ದರಿಂದ ಖಚಿತವಾಗಿ ಗೊತ್ತಿಲ್ಲದ್ದನ್ನು ಹೇಳಲಾರೆ ಎಂದರು. ಆದರೆ ಮಿಲ್ಲು ಮಾರದೆ ಊರು ಬಿಡುವುದು ಹೇಗೆ ಎಂದು ಒಂದು ಪ್ರಶ್ನೆ ಎಸೆದರು. ಅದು ಉತ್ತರವಾಗಿಯೇ ಬೀದಿ ಸೇರಿತು.

ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಮುಂದೆ ಹಬ್ಬದ ಹಿಂದಿನ ದಿನದಷ್ಟು ಜನ. ಇನ್ನು ಮೇಲೆ ಹಿಟ್ಟಿಗೆ ಬೀರೂರಿಗೋ ಕಡೂರಿಗೋ ಹೋಗಬೇಕಾದೀತು ಎಂಬ ಹೆದರಿಕೆಯಲ್ಲಿ ಹೆಂಗಸರು ವರ್ಷದ ರಾಗಿಯನ್ನೆಲ್ಲ ಹೊತ್ತು ತಂದಿದ್ದರು. ಮುದ್ದಪ್ಪನಿಗೆ ಹಿಗ್ಗೋ ಹಿಗ್ಗು. ರೇಡಿಯೋದ ಮನುಷ್ಯ ಹೇಳಿದ್ದು ನಿಜ, ಹೊಸದನ್ನು ಹಾಕಿದರೆ ಫಸಲು ಹೆಚ್ಚುತ್ತದೆ ಎಂದುಕೊಂಡ. ಮಿಷನ್ನಿನ ಸದ್ದಿನಲ್ಲಿ ಅವನಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಯಾರು ಏನೇ ಅಂದರೂ ನಗುತ್ತ ತಲೆಯಾಡಿಸುವುದು ಅವನ ಹಳೆಯ ಪದ್ಧತಿ.

"ಮುದ್ದಣ್ಣ, ಮಿಲ್ಲು ಮಾರ್ತೀಯಂತೆ ಹೌದಾ?" ಎಂದು ಹುಲಿಗೆಮ್ಮ ಕೂಗಿದಳು.

ಮುದ್ದಪ್ಪ ನಗುತ್ತ ತಲೆಯಾಡಿಸಿದ.

"ಕಾಯಿಲೆ ವಾಸಿ ಆಗಲ್ವಂತೆ ಹೌದಾ?" ಎಂದು ಇನ್ನೊಬ್ಬಳು ಕೂಗಿದಳು.

ಅದಕ್ಕೂ ನಗುತ್ತ ತಲೆಯಾಡಿಸಿದ. ಹಿಟ್ಟಿನ ಚೀಲ ಕೊಡುತ್ತ ಗಂಟಲು ಹರಿಯುವ ಹಾಗೆ, "ಬಹಳ ಉಪಕಾರ ಆಯ್ತು ತಾಯಿ!" ಎಂದ. ಇಬ್ಬರು ಹೆಂಗಸರು ಅಲ್ಲೇ ಅತ್ತರು. ಸಾವನ್ನು ಇಷ್ಟು ನಗುನಗುತ್ತ ಎದುರಿಸುವವರನ್ನು ತಾನು ಕಂಡಿಲ್ಲ ಎಂದು ಹುಲಿಗೆಮ್ಮ ಕೇರಿಯಲ್ಲೆಲ್ಲ ಹೊಗಳಿದಳು.

ಶುಕ್ರವಾರ ಮೊದಲನೆಯ ಬಸ್ಸಿಗೆ ಸಣ್ಣಬೀರಪ್ಪ ಒಂದು ಗೊನೆ ಎಳನೀರು ಹೊತ್ತು ಬಂದಿಳಿದ. ಜಗಲಿಯ ಮೇಲೆ ಕೂತಿದ್ದ ಮುದ್ದಪ್ಪ, "ಬಾರೋ ಸಣ್ಣಬೀರ" ಎಂದ. ಮೂಗನಾದ ಭಾವ ಮಾತಾಡಿದ್ದು ಕೇಳಿ ಸಣ್ಣಬೀರಪ್ಪ ಎಳನೀರು ಕೆಳಕ್ಕೆ ಹಾಕಿ ಅವನನ್ನು ತಬ್ಬಿಕೊಂಡ.

"ಮಾತು ಬಂತು ಕಣಕ್ಕಾ! ಭಾವಂಗೆ ಮಾತು ಬಂತು!"

"ಮಾತು ಹೋಗಿದ್ದು ಯಾವಾಗ?" ಎಂದು ಮುದ್ದಪ್ಪ ಬೆರಗಾದ. ಆದರೂ ಭಾವಮೈದುನ ಕೆಲಸ ಬಿಟ್ಟು ಬಂದದ್ದು ಅವನ ಮನಸ್ಸಿಗೆ ತಟ್ಟಿತು. "ಇಷ್ಟು ದೂರ ನನ್ನ ನೋಡಕ್ಕೆ ಅಂತ ಬಂದೆಯಲ್ಲಪ್ಪ. ಬಹಳ ಉಪಕಾರ ಆಯ್ತು."

ಸಣ್ಣಬೀರಪ್ಪ ತಬ್ಬಿದ ಕೈ ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹಾಲಮ್ಮನನ್ನು ಮದುವೆಯಾದಾಗಿನಿಂದ ಈ ಭಾವ ಅವನಿಗೆ ಹೇಳಿದ್ದೆಲ್ಲ "ಬಂದ್ಯಾ" ಮತ್ತು "ಹೊರಟ್ಯಾ" ಎರಡೇ. "ಅಕ್ಕ, ಮೂಗ ಆಗಿದ್ರೇ ವಾಸಿಯಿತ್ತು" ಎಂದು ಪಿಸುಗುಟ್ಟಿದ. ಮುದ್ದಪ್ಪ ಬೇಡ ಬೇಡ ಎಂದರೂ ಬಿಡದೆ ಅದೇ ಬಸ್ಸು ಹಿಂದಿರುಗುವಾಗ ಅವನನ್ನು ತರೀಕೆರೆಗೆ ಹೊರಡಿಸಿದ. ಹಾಲಮ್ಮನೂ ಜೊತೆಗೆ ಹೊರಟಳು. ಮುದ್ದಪ್ಪನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರಿಂದ ಅವನೂ ಹೆಚ್ಚು ವಾದ ಮಾಡಲಿಲ್ಲ.

ತರೀಕೆರೆಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. "ಏನು ತೊಂದರೆ?" ಎಂದರು.

"ಉಪಕಾರ ಆಯ್ತು ಅಂತಾರೆ ಡಾಕ್ಟ್ರೇ" ಎಂದ ಸಣ್ಣಬೀರಪ್ಪ.

"ಯಾರಿಗೆ?"

"ಎಲ್ಲಾರಿಗೂ."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಯಾವಾಗಿಂದ?"

"ಬುಧವಾರದಿಂದ" ಎಂದಳು ಹಾಲಮ್ಮ ಕಣ್ಣೊರೆಸಿಕೊಳ್ಳುತ್ತ.

"ಊಟಕ್ಕೆ ಮುಂಚೆ ಬರುತ್ತೋ, ಊಟ ಆದಮೇಲೋ?"

"ಮೊದಲು ಬಂದಿದ್ದು ಊಟ ಆದಮೇಲೆ. ಈಗ ಹೊತ್ತು ಗೊತ್ತು ಇಲ್ಲ ಸ್ವಾಮಿ."

ಡಾಕ್ಟರು ಮುದ್ದಪ್ಪನ ಎದೆ ನೋಡಿದರು, ಬೆನ್ನು ಕುಟ್ಟಿದರು, ನಾಲಗೆ ಹೊರಗೆ ಹಾಕಿಸಿ ಟಾರ್ಚು ಬಿಟ್ಟರು. ಏನೂ ಸಿಗಲಿಲ್ಲ. ತಮ್ಮ ಗೌರವಕ್ಕೆ ಒಂದು ಟಾನಿಕ್ ಬರೆದುಕೊಟ್ಟರು. ಮುದ್ದಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಇಷ್ಟು ಚೆನ್ನಾಗಿ ನೋಡಿದ್ರಿ ಡಾಕ್ಟ್ರೇ. ಬಹಳ ಉಪಕಾರ ಆಯ್ತು" ಎಂದ.

"ಬಂತು ನೋಡಿ! ಈಗ ಬಂತು!" ಎಂದು ಸಣ್ಣಬೀರಪ್ಪ ಕುರ್ಚಿಯಿಂದ ಹಾರಿ ಬಿದ್ದ.

ಡಾಕ್ಟರು ಟಾರ್ಚು ಹಿಡಿದ ಹಾಗೆಯೇ ಕೂತಿದ್ದರು. ಅವರ ಬಾಗಿಲಿಗೆ ಬಂದವರು ಎಷ್ಟೋ ಸಾವಿರ ಜನ. ವಾಸಿಯಾದ ಮೇಲೆ ಯಾರೂ ತಿರುಗಿ ಬಂದದ್ದಿಲ್ಲ. ವಾಸಿಯಾಗದವರು ಮಾತ್ರ ಬಂದು ಬೈದಿದ್ದರು. ಅವರು ನಿಧಾನವಾಗಿ ಎದ್ದು, ಮುದ್ದಪ್ಪನ ತೋಳು ಹಿಡಿದುಕೊಂಡು ಬೀದಿ ಬಾಗಿಲವರೆಗೆ ಬಂದು, "ಹುಷಾರಾಗಿ ಹೋಗಿ ಬನ್ನಿ" ಎಂದರು.

ಸಣ್ಣಬೀರಪ್ಪ ಪೂರಾ ಕುಸಿದದ್ದು ಅದನ್ನು ನೋಡಿಯೇ. "ಡಾಕ್ಟ್ರೇ ಎದ್ದು ಬಾಗಿಲ ತಂಕ ಬಂದ್ರು ಅಂದ್ರೆ ಕೇಸು ಕೈ ಮೀರೈತೆ ಕಣಕ್ಕ" ಎಂದು ಬಸ್ಸಿನಲ್ಲಿ ಉದ್ದಕ್ಕೂ ಮೂಗು ಸೀಟಿದ.

ಅಜ್ಜಂಪುರಕ್ಕೆ ಬಂದು ಇಳಿಯುವ ಹೊತ್ತಿಗೆ ಗಿರಣಿಯ ಮುಂದೆ ಜಾಗವಿರಲಿಲ್ಲ. ಭಾನುವಾರ ಬಿಟ್ಟರೆ ಎಂದೂ ಬಾಗಿಲು ಹಾಕದ ಗಿರಣಿ ಅರ್ಧ ದಿನ ಮುಚ್ಚಿತ್ತಲ್ಲ, ಅನುಮಾನವಿದ್ದವರಿಗೂ ನಂಬಿಕೆ ಬಂದಿತ್ತು. ಕಡೂರಿನ ವ್ಯಾಪಾರಿ ಪಂಚಾಕ್ಷರಪ್ಪನವರು ಸುದ್ದಿ ತಿಳಿದು ಬಂದು, ಟೇಪು ಹಿಡಿದು ಗಿರಣಿಯ ಹೊರಗೋಡೆಯನ್ನು ಅಳೆಯುತ್ತಿದ್ದರು. ಟೇಪಿನ ಇನ್ನೊಂದು ತುದಿಯನ್ನು ಹೊನ್ನಯ್ಯ ಅಳುತ್ತಲೇ ಹಿಡಿದುಕೊಂಡಿದ್ದ. ಲಿಂಗಮ್ಮ ಕಟ್ಟೆಯ ಮೇಲೆ ಕೂತು ಮೂರು ಕಾರಣಗಳನ್ನು ಹೊಸಬರಿಗೆ ವಿವರಿಸುತ್ತಿದ್ದಳು.

ಮುದ್ದಪ್ಪ ಯಾರನ್ನೂ ವಿಚಾರಿಸಲಿಲ್ಲ. ಇಷ್ಟು ಜನ ಕಾದಿರುವಾಗ ಮಾತೆಂಥದ್ದು? ಬಾಗಿಲು ತೆಗೆದು, ಸ್ವಿಚ್ಚು ಹಾಕಿ, ಮೊದಲನೆಯ ಚೀಲ ಸುರಿದ. ಸದ್ದು ಎದ್ದಿತು. ಎಲ್ಲರೂ ಒಳಗೆ ನುಗ್ಗಿ ಒಟ್ಟಿಗೆ ಕೂಗಾಡಿದರು. "ಯಾರಿಗೆ ಮಾರಿದೆ?" "ಎಷ್ಟು ದಿನ ಅಂದ್ರು ಡಾಕ್ಟ್ರು?" "ಆ ಹೆಂಗ್ಸು ಯಾವ ಊರೋಳು?" ಮುದ್ದಪ್ಪ ಎಲ್ಲರಿಗೂ ನಗುತ್ತ ತಲೆಯಾಡಿಸಿದ. ಕೊನೆಯ ಪ್ರಶ್ನೆಗೂ ತಲೆಯಾಡಿಸಿದ್ದನ್ನು ಹಾಲಮ್ಮ ನೋಡಿದಳು. ಅವನು ಉಸಿರು ಎಳೆದುಕೊಂಡು ಮಿಷನ್ನಿಗಿಂತ ಜೋರಾಗಿ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಹೋಯಿತು.

"ಎಲ್ಲಾರಿಂದ್ಲೂ ಬಹಳ ಉಪಕಾರ ಆಯ್ತು!" ಎಂಬ ಕೂಗು ಆ ನಿಶ್ಶಬ್ದದಲ್ಲಿ ಗೋಡೆಗೆ ಬಡಿದು ಬೀದಿಯ ಕೊನೆವರೆಗೂ ಕೇಳಿಸಿತು.

ಆಗ ಹಾಲಮ್ಮ ಮುಂದೆ ಬಂದಳು. ಗಂಡನ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಹಿಟ್ಟಿನ ಧೂಳು ಎದ್ದಿತು.

"ನಿಜ ಹೇಳಿ. ಸಾಯ್ತೀರಾ?"

"ಯಾರು?"

"ನೀವು!"

"ನಾನ್ಯಾಕೆ ಸಾಯ್ಲಿ?"

"ಹಂಗಾದ್ರೆ ಸನ್ಯಾಸಿ ಆಗ್ತೀರಾ? ಇಲ್ಲಾ ಆ ಮೂರನೇದಾ?"

ಮೂರನೆಯದು ಯಾವುದೆಂದು ಮುದ್ದಪ್ಪನಿಗೆ ತಿಳಿಯಲಿಲ್ಲ. ಅವನು ಸುತ್ತ ಇದ್ದ ಮುಖಗಳನ್ನು ನೋಡಿದ. ಮಿಷನ್ನಿನ ಸದ್ದಿಲ್ಲದೆ ಇಷ್ಟು ಜನರನ್ನು ಅವನು ಎಂದೂ ನೋಡಿರಲಿಲ್ಲ. ತಡವರಿಸುತ್ತ ರೇಡಿಯೋ ಹೇಳಿದ್ದು, ನಾಯಿ ಅಟ್ಟಿದ್ದು, ಬೋಂಡ, ಹೋರಿ, ಟೀಚರಮ್ಮ, ಎಲ್ಲವನ್ನೂ ಹೇಳಿದ. "ಆಯಮ್ಮ ಅಂದ ಮಾತು ನಂಗೆ ಬಹಳ ಹಿತ ಆಯ್ತು. ನಾನೂ ಒಂದ್ಸಲ ಅಂದು ನೋಡಾಣ ಅನ್ನುಸ್ತು. ಹೊಸದು ಅಂತ. ಅಷ್ಟೇ ಕಣ್ರಪ್ಪ" ಎಂದ.

"ಊರು ಬಿಡಲ್ವಾ?" ಎಂದ ಹೊನ್ನಯ್ಯ.

"ಬಿಟ್ಟು ಎಲ್ಲಿಗೆ ಹೋಗ್ಲಿ?"

ಸಾಯದೆ ಇರುವವನ ಮುಂದೆ ಅತ್ತವರಿಗೆ ನಾಚಿಕೆಯಾಗುವುದು ಸಹಜ. ಕರೆಂಟು ಬರುವ ಲಕ್ಷಣವಿರಲಿಲ್ಲ. ಚೀಲ ಬಿಟ್ಟು ಹೋಗುವ ಹಾಗಿರಲಿಲ್ಲ. ಆಗ ಮುದುಕಿ ಹನುಮಂತಮ್ಮ ಚೀಲದ ಮೇಲೆ ಕೂತು, ತನ್ನಷ್ಟಕ್ಕೆ ಅಂದ ಹಾಗೆ ಅಂದಳು. "ಹಲ್ಲಿಲ್ಲದೋಳು ಅಂತ ನನ್ನ ರಾಗೀನ ಎರಡು ಸಲ ಬೀಸಿ ಕೊಡ್ತಾನೆ ಕಣ್ರವ್ವ. ನಾನು ಕೇಳಿದ್ದಿಲ್ಲ. ಸತ್ತೋಗ್ತಾನೆ ಅಂದಾಗ ಅದನ್ನ ಹೇಳ್ಳೇ ಇಲ್ವಲ್ಲಾ ಅಂತ ಹೊಟ್ಟೆ ಉರೀತು."

"ನನ್ನ ಮಗಳ ಮದುವೇಲಿ ಕರೆಂಟು ಬರೋ ತಂಕ ಉಣ್ದೆ ಕೂತು ಅಕ್ಕಿ ಬೀಸ್ಕೊಟ್ಟ. ಅವನನ್ನ ಊಟಕ್ಕೆ ಕರೆಯೋದ್ನೇ ಮರ್ತಿದ್ದೆ" ಎಂದಳು ಹುಲಿಗೆಮ್ಮ.

ಒಬ್ಬೊಬ್ಬರಾಗಿ ಹೇಳತೊಡಗಿದರು. ಹೊನ್ನಯ್ಯನಿಗೂ ಏನೋ ನೆನಪಾಯಿತು, ಲಿಂಗಮ್ಮನಿಗೂ ನೆನಪಾಯಿತು. ಎಲ್ಲರಿಗೂ ಉಪಕಾರ ಹೇಳಿಕೊಂಡು ತಿರುಗಿದ ಮುದ್ದಪ್ಪನಿಗೆ ಅದನ್ನು ಕೇಳಿಸಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಅವನ ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು. "ಸಾಕು ನಿಲ್ಸ್ರಪ್ಪ, ನಂಗೆ ಏನೋ ಆಗ್ತೈತೆ" ಎಂದು ನಿಂತಿದ್ದ ಮಿಷನ್ನಿನ ಹಿಂದೆ ಹೋಗಿ, ಸರಿಯಾಗಿಯೇ ಇದ್ದ ಬೆಲ್ಟನ್ನು ಬಹಳ ಹೊತ್ತು ಸರಿಮಾಡಿದ.

ಪಂಚಾಕ್ಷರಪ್ಪನವರು ಟೇಪು ಸುತ್ತಿಕೊಂಡರು. "ಇದು ಮಾರೋ ಮಿಲ್ಲಲ್ಲ ಬಿಡಿ. ನಾನು ಬರ್ತೀನಿ."

ಮುದ್ದಪ್ಪ ಹೊರಗೆ ಬಂದು ಕೈ ಮುಗಿದ. "ಕಡೂರಿಂದ ಇಷ್ಟು ದೂರ ಬಂದ್ರಿ ಸ್ವಾಮಿ. ಬಹಳ ಉಪ..."

"ಬ್ಯಾಡ!" ಎಂದು ಇಡೀ ಗಿರಣಿ ಒಂದೇ ಧ್ವನಿಯಲ್ಲಿ ಕೂಗಿತು.

ಆಮೇಲೆ ಎರಡು ದಿನ ಹಾಲಮ್ಮ ಗಂಡನ ಜೊತೆ ಮಾತಾಡಲಿಲ್ಲ. ಸುಮ್ಮಸುಮ್ಮನೆ ಅಳಿಸಿದ್ದಕ್ಕೆ ಅದು ಕಡಿಮೆ ಶಿಕ್ಷೆಯೇ. ಭಾನುವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಾಗಿಲಲ್ಲಿ ನಿಂತಳು.

"ನಿಮಗೊಬ್ರಿಗೇನಾ ಹೊಸದು? ನಂಗೆ ರೈಲು ಹತ್ತಬೇಕು."

"ಎಲ್ಲಿಗೆ?"

"ಎಲ್ಲಿಗಾದ್ರೂ. ಮೂರು ಹೊತ್ತೂ ಅದು ಕೂಗೋದು ಕೇಳಿದೀನಿ. ತವರಿಗೆ ಹೋದ್ರೂ ಬಸ್ಸು, ಮಗಳ ಮನೆಗೆ ಹೋದ್ರೂ ಬಸ್ಸು. ಒಂದ್ಸಲನಾದ್ರೂ ಹತ್ತಿಲ್ಲ."

ಬೀರೂರಿನವರೆಗೆ ಹೋಗಿ ಬರುವುದೆಂದಾಯಿತು. ಪ್ಯಾಸೆಂಜರ್ ಗಾಡಿಯ ಕಿಟಕಿಯ ಪಕ್ಕ ಹಾಲಮ್ಮ ಕೂತಳು. ಹೊಲಗಳು ತಿರುಗುವುದನ್ನು ನೋಡಿದಳು, ದನ ಕಾಯುವವರಿಗೆ ಕೈ ಬೀಸಿದಳು, ಕಣ್ಣಿಗೆ ಇದ್ದಿಲ ಕಿಡಿ ಬಿದ್ದಾಗಲೂ ಕಿಟಕಿ ಬಿಡಲಿಲ್ಲ. ಮುದ್ದಪ್ಪ ಹೊರಗೆ ನೋಡದೆ ಅವಳನ್ನೇ ನೋಡುತ್ತ ಕೂತಿದ್ದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ನಗುವಾಗ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆಂದು ಅವನು ಗಮನಿಸಿರಲಿಲ್ಲ.

ಬೀರೂರಿನಲ್ಲಿ ಎಲ್ಲರೂ ಇಳಿದು ಗೇಟಿನ ಕಡೆ ಹೊರಟರು. ಹಾಲಮ್ಮ ಮಾತ್ರ ಎದುರು ದಿಕ್ಕಿಗೆ, ಪ್ಲಾಟ್‌ಫಾರಂ ಉದ್ದಕ್ಕೂ ದಾಪುಗಾಲು ಹಾಕಿದಳು. "ಲೇ, ದಾರಿ ಈ ಕಡೆ ಕಣೇ!" ಎಂದು ಮುದ್ದಪ್ಪ ಹಿಂದೆ ಓಡಿದ. ಅವಳು ಹೊಗೆ ಬಿಡುತ್ತಿದ್ದ ಇಂಜಿನ್ನಿನ ಬಳಿ ಹೋಗಿ ನಿಂತು, ಮೇಲಿದ್ದ ಡ್ರೈವರನಿಗೆ ಕೈ ಮುಗಿದಳು.

"ನಮ್ಮನ್ನ ಸುಖವಾಗಿ ತಂದು ಇಳಿಸಿದ್ರಿ. ಬಹಳ ಉಪಕಾರ ಆಯ್ತಪ್ಪ."

ಮಸಿ ಹಿಡಿದ ಮುಖದ ಡ್ರೈವರನು ಬಗ್ಗಿ ನೋಡಿದ. ಪಕ್ಕದವನ ಮುಖ ನೋಡಿದ. "ಯಾಕಮ್ಮಾ, ಮೈಗೆ ಹುಷಾರಿಲ್ವಾ?" ಎಂದ.

"ಹುಷಾರಾಗೇ ಇದೀನಿ. ಅನ್ನಬೇಕು ಅನ್ನುಸ್ತು."

ಡ್ರೈವರನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ, ಮತ್ತೆ ಕಟ್ಟಿಕೊಂಡ. ಕೊನೆಗೆ ಕೈ ಚಾಚಿ ಇಂಜಿನ್ನನ್ನು ಒಂದು ಸಲ ಉದ್ದಕ್ಕೆ ಕೂಗಿಸಿಬಿಟ್ಟ. ಹಾಲಮ್ಮ ಬೆಚ್ಚಿಬಿದ್ದು ಮುದ್ದಪ್ಪನ ಕೈ ಹಿಡಿದುಕೊಂಡಳು. ಕೂಗು ನಿಂತ ಮೇಲೂ, ಅಷ್ಟು ಜನ ನೋಡುತ್ತಿದ್ದರೂ, ಗೇಟು ದಾಟಿ ಬೀದಿಗೆ ಬರುವವರೆಗೂ ಅವಳು ಅದನ್ನು ಬಿಡಲಿಲ್ಲ.